ಎಳೆದರಾಯಿತೇ? ಹಿಂದೆ ಕುದುರೆಗಳಿವೆ

2012ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ನಗರದ ಒಂದು ಸೇತುವೆಯ ಮೇಲೆ ಟೊಯೊಟಾ ಟುಂಡ್ರಾ ಪಿಕಪ್ ಗಾಡಿಯೊಂದು ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಎಳೆದುಕೊಂಡು ಹೋಯಿತು. ನೌಕೆ ಮತ್ತು ಅದನ್ನು ಹೊತ್ತ ಚಕ್ರದ ಚೌಕಟ್ಟು ಸೇರಿ ಸುಮಾರು 130 ಟನ್. 2016ರಲ್ಲಿ ಲ್ಯಾಂಡ್ ರೋವರ್ ಕಂಪನಿಯ ಡಿಸ್ಕವರಿ ಸ್ಪೋರ್ಟ್ ಸ್ವಿಟ್ಜರ್ಲೆಂಡಿನಲ್ಲಿ ನೂರು ಟನ್ ಮೀರಿದ ರೈಲು ಬೋಗಿಗಳನ್ನು ಎಳೆಯಿತು. 2019ರಲ್ಲಿ ಫೋರ್ಡ್ ಕಂಪನಿ ತನ್ನ ಎಫ್-150 ಪಿಕಪ್ಪಿನ ವಿದ್ಯುತ್ ಮಾದರಿಯಿಂದ ಹತ್ತು ಲಕ್ಷ ಪೌಂಡಿಗೂ ಮೀರಿದ ರೈಲನ್ನು ಎಳೆಸಿ ತೋರಿಸಿತು.

ಮೂರೂ ನಿಜವಾಗಿ ನಡೆದದ್ದೇ. ಆದರೆ ಎಂಡೆವರ್ ದಾಟಿದ್ದು ಒಂದು ಚಿಕ್ಕ ಸೇತುವೆಯನ್ನು, ಅದೂ ತೆವಳುವ ವೇಗದಲ್ಲಿ. ಇನ್ನು ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಪ್ರತಿರೋಧ ಎಷ್ಟು ಕಡಿಮೆಯೆಂದರೆ, ಸಮತಟ್ಟಿನಲ್ಲಿ ಒಂದು ಟನ್ ಭಾರವನ್ನು ಉರುಳಿಸಿಕೊಂಡು ಹೋಗಲು ಎರಡು ಮೂರು ಕೆ.ಜಿ.ಯಷ್ಟು ಬಲ ಸಾಕು. ಈ ಮೂರರಲ್ಲಿ ಯಾವ ಗಾಡಿಯೂ ಗಂಟೆಗೆ 65 ಮೈಲಿ ವೇಗದಲ್ಲಿ ಇಳಿಜಾರು ಇಳಿಯುತ್ತ, ಅಡ್ಡ ನುಗ್ಗಿದ ಕಾರಿಗಾಗಿ ಗಕ್ಕನೆ ನಿಲ್ಲಬೇಕಾಗಿರಲಿಲ್ಲ. ಹಿಂದಿನ ಭಾರ ಬೆದರಿ ಒಂದು ಬದಿಗೆ ವಾಲಲೂ ಇಲ್ಲ.

ಅಮೆರಿಕದಲ್ಲಿ ಕುದುರೆ ಸಾಕುವವರ ನಡುವೆ ಬೇರೂರಿರುವ ಒಂದು ನಂಬಿಕೆಯನ್ನು ಬೆಳೆಸಿದ್ದು ಇಂಥ ಪ್ರದರ್ಶನಗಳೇ. ಗಾಡಿಯ ಎಳೆಯುವ ಸಾಮರ್ಥ್ಯ ಎಂದು ಕಂಪನಿ ಬರೆದ ಅಂಕಿ ಟ್ರೇಲರ್ ತೂಕಕ್ಕಿಂತ ಹೆಚ್ಚಿದ್ದರೆ ಮುಗಿಯಿತು, ಕಟ್ಟಿಕೊಂಡು ಹೊರಡಬಹುದು ಎಂಬುದು ಆ ನಂಬಿಕೆ. ಶೋರೂಮಿನ ಮಾರಾಟಗಾರ ಹೇಳುವುದು ಇದನ್ನೇ. ಕುದುರೆ ಲಾಯದಲ್ಲಿ ಪಕ್ಕದ ಲಾಯದವರು ಹೇಳುವುದೂ ಇದನ್ನೇ. ಇದು ತಪ್ಪು ಮಾತ್ರವಲ್ಲ, ಜೀವಕ್ಕೆ ಎರವಾಗುವ ತಪ್ಪು ಎಂಬುದು ನನ್ನ ವಾದ. ಕುದುರೆ ತುಂಬಿದ ಟ್ರೇಲರಿಗೆ ಗಾಡಿ ಆರಿಸುವಾಗ ಮೊದಲು ಕೇಳಬೇಕಾದದ್ದು ಅದು ಎಷ್ಟು ಹೊರುತ್ತದೆ ಎಂದು. ಆಮೇಲೆ ಅದು ಹೇಗೆ ನಿಲ್ಲುತ್ತದೆ, ಹಿಂದಿನ ಭಾರ ಹೊಯ್ದಾಡಿದಾಗ ತಾನು ಹೊಯ್ದಾಡದೆ ಹೇಗೆ ಹಿಡಿದುಕೊಳ್ಳುತ್ತದೆ ಎಂದು. ಎಷ್ಟು ಎಳೆಯುತ್ತದೆ ಎಂಬ ಪ್ರಶ್ನೆ ಇವೆಲ್ಲ ಮುಗಿದ ಮೇಲೆ.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಊರಿನಲ್ಲಿ ನಮಗೆ ಈ ಚಿಂತೆಯೇ ಇರಲಿಲ್ಲ. ಕುಣಿಗಲ್ ಸ್ಟಡ್ ಫಾರ್ಮಿನಿಂದ ಬೆಂಗಳೂರು, ಮೈಸೂರಿನ ರೇಸ್ ಕೋರ್ಸಿಗೆ ಹೋಗುವ ಕುದುರೆ ಲಾರಿಯಲ್ಲಿ ಹೋಗುತ್ತದೆ. ಅದನ್ನು ಓಡಿಸುವವರಿಗೆ ಅದೇ ಕಸುಬು. ಅಮೆರಿಕದಲ್ಲಿ ಹಾಗಲ್ಲ. ಕುದುರೆಯ ಒಡೆಯರೇ ಟ್ರೇಲರ್ ಕಟ್ಟುತ್ತಾರೆ, ಅವರೇ ಓಡಿಸುತ್ತಾರೆ. ಎರಡು ಕುದುರೆಯ ಟ್ರೇಲರಿಗೆ ಸಾಮಾನ್ಯ ಕಾರಿನ ಲೈಸೆನ್ಸೇ ಸಾಕು. ಈಗ ಇಲ್ಲಿ ನೆಲೆಸಿರುವ ನಮ್ಮವರ ಮಕ್ಕಳೂ ಸವಾರಿ ಕಲಿಯುತ್ತಿದ್ದಾರೆ. ಮೊದಲು ವಾರಕ್ಕೊಂದು ಪಾಠ, ಆಮೇಲೆ ಬಾಡಿಗೆಯ ಕುದುರೆ, ಆಮೇಲೆ ಸ್ವಂತದ್ದು, ಕೊನೆಗೆ ಸ್ಪರ್ಧೆಗೆ ಕರೆದೊಯ್ಯಲು ಒಂದು ಟ್ರೇಲರ್. ಅದನ್ನು ಎಳೆಯುವ ಗಾಡಿ ಯಾವುದು ಎಂದರೆ, ದಿನಸಿ ತರುವ, ಮಕ್ಕಳನ್ನು ಶಾಲೆಗೆ ಬಿಡುವ ಮನೆಯ ಎಸ್‌ಯುವಿ. ಒಬ್ಬ ಗೆಳೆಯರು ನನಗೆ ಹೇಳಿದ್ದು ಹೀಗೆ: "ಎಂಟು ಸಾವಿರ ಪೌಂಡ್ ಎಳೆಯುತ್ತೆ ಅಂತ ಕಂಪನಿಯವರೇ ಬರೆದಿದಾರಲ್ಲ ಸಾರ್. ನಮ್ಮ ಟ್ರೇಲರ್ ತುಂಬಿದರೂ ಆರು ಸಾವಿರ. ಇನ್ನೂ ಎರಡು ಸಾವಿರ ಮಿಕ್ಕುತ್ತೆ."

ಮಿಕ್ಕುತ್ತದೆಯೇ? ಲೆಕ್ಕ ಹಾಕೋಣ.

ಉಕ್ಕಿನಲ್ಲಿ ಮಾಡಿದ ಎರಡು ಕುದುರೆಯ ಟ್ರೇಲರ್ ಖಾಲಿ ಇದ್ದಾಗ ಸುಮಾರು 1,500 ಕೆ.ಜಿ. ತಲಾ 500 ಕೆ.ಜಿ.ಯ ಎರಡು ಕುದುರೆ ಹತ್ತಿದರೆ 2,500. ಜೀನು, ಹುಲ್ಲಿನ ಮೂಟೆ, ನೀರಿನ ಡ್ರಮ್ಮು, ಬಕೆಟ್ಟು, ಹೊದಿಕೆ ಎಂದು ಇನ್ನೊಂದು 200. ಒಟ್ಟು 2,700 ಕೆ.ಜಿ. ಗೆಳೆಯರ ಆರು ಸಾವಿರ ಪೌಂಡಿನ ಅಂದಾಜು ಸರಿಯಾಗಿಯೇ ಇದೆ. ಗಾಡಿಯ ಎಳೆಯುವ ಸಾಮರ್ಥ್ಯ 3,600 ಕೆ.ಜಿ. ಇಲ್ಲಿಗೆ ನಿಲ್ಲಿಸಿದರೆ ಮುಕ್ಕಾಲು ಭಾಗವನ್ನಷ್ಟೇ ಬಳಸಿದಂತೆ.

ಆದರೆ ಟ್ರೇಲರ್ ಗಾಡಿಯ ಹಿಂದೆ ಬರುವುದಷ್ಟೇ ಅಲ್ಲ, ಗಾಡಿಯ ಮೇಲೂ ಕೂರುತ್ತದೆ. ಅದರ ಮೂತಿ, ಗಾಡಿಯ ಹಿಂದಿನ ಕೊಂಡಿಯಾದ ಹಿಚ್ಚಿನ ಗುಂಡಿನ ಮೇಲೆ ಒತ್ತುವ ಭಾರಕ್ಕೆ ಟಂಗ್ ವೆಯ್ಟ್ ಎನ್ನುತ್ತಾರೆ. ಟ್ರೇಲರ್ ನೇರವಾಗಿ ಹಿಂಬಾಲಿಸಬೇಕಾದರೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಅಲ್ಲಿ ಒತ್ತಲೇಬೇಕು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲನ್ನು ಜಜ್ಜುತ್ತದೆ. ನಮ್ಮ ಟ್ರೇಲರಿನ ನೂರಕ್ಕೆ 12 ಎಂದರೆ ಸುಮಾರು 325 ಕೆ.ಜಿ. ಈ 325 ಕೆ.ಜಿ. ಎಳೆಯುವ ಭಾರವಲ್ಲ, ಹೊರುವ ಭಾರ. ಗಾಡಿಯ ಹಿಂದಿನ ಅಚ್ಚು, ಸ್ಪ್ರಿಂಗು, ಟೈರು ಇದನ್ನು ಹೊರಬೇಕು.

ಹೊರುವುದಕ್ಕೆ ಮಿತಿ ಎಷ್ಟು? ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿಯ ಒಂದು ಸ್ಟಿಕ್ಕರ್ ಇದೆ. ಒಳಗೆ ಕೂತವರು, ಸಾಮಾನು ಎಲ್ಲ ಸೇರಿ ಇಷ್ಟು ಕೆ.ಜಿ. ಎಂದೂ ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಜಾಹೀರಾತಿನ ಅಂಕಿ ಆ ಮಾದರಿಯದು; ಸ್ಟಿಕ್ಕರಿನ ಅಂಕಿ ನಿಮ್ಮ ಬಾಗಿಲ ಬಳಿ ನಿಂತಿರುವ ಆ ಒಂದೇ ಗಾಡಿಯದು. ಚಾವಣಿಗೆ ಗಾಜು, ಚರ್ಮದ ಸೀಟು, ದೊಡ್ಡ ಚಕ್ರ, ವಿದ್ಯುತ್ತಿನಿಂದ ಮಡಚುವ ಮೂರನೆಯ ಸಾಲು ಹೀಗೆ ಸೊಗಸು ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ, ಏಕೆಂದರೆ ಆ ಸೊಗಸನ್ನೂ ಅದೇ ಸ್ಪ್ರಿಂಗು ಹೊರಬೇಕು. ಚೆನ್ನಾಗಿ ಸಿಂಗರಿಸಿದ ಎಸ್‌ಯುವಿಯಲ್ಲಿ 570 ಕೆ.ಜಿ. ಎಂದಿದ್ದರೆ ಅದೇನೂ ಅಪರೂಪವಲ್ಲ.

570 ಎಂದೇ ಇಟ್ಟುಕೊಳ್ಳೋಣ. ಟಂಗ್ ವೆಯ್ಟ್ 325. ಹಿಚ್ಚಿನ ಸಲಕರಣೆ 45. ಅಪ್ಪ, ಅಮ್ಮ, ಬೆಳೆದ ಇಬ್ಬರು ಮಕ್ಕಳು 245. ಊಟದ ಪೆಟ್ಟಿಗೆ, ಚೀಲ, ಬೂಟು, ಮಡಚು ಕುರ್ಚಿ 60. ಒಟ್ಟು 675. ಮಿತಿಗಿಂತ 105 ಕೆ.ಜಿ. ಹೆಚ್ಚು. ಎಳೆಯುವ ಲೆಕ್ಕದಲ್ಲಿ ಕಾಲು ಭಾಗ ಉಳಿತಾಯ ತೋರಿಸಿದ ಗಾಡಿ, ಹೊರುವ ಲೆಕ್ಕದಲ್ಲಿ ಮನೆಯ ಅಂಗಳ ಬಿಡುವ ಮುಂಚೆಯೇ ಸೋತಿದೆ. ಕುದುರೆಯ ಮನೆಗಳಲ್ಲಿ ದಿನವೂ ನಡೆಯುತ್ತಿರುವುದು ಇದೇ.

"ಅಂಥ ಅಂಕಿಯನ್ನು ಕಂಪನಿ ಸುಮ್ಮನೆ ಬರೆಯುತ್ತದೆಯೇ, ಪರೀಕ್ಷೆ ಮಾಡಿರುವುದಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಮಾಡಿರುತ್ತದೆ. ಹಿಂದೆ ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಅಳೆಯುತ್ತಿತ್ತು. ಈಗ ಎಸ್‌ಎಇ ಜೆ2807 ಎಂಬ ಸಾಮಾನ್ಯ ಕ್ರಮವಿದೆ. ಟೊಯೊಟಾ 2011ರ ಮಾದರಿಗಳಿಂದಲೇ ಅದನ್ನು ಒಪ್ಪಿಕೊಂಡಿತು, ಉಳಿದ ದೊಡ್ಡ ಕಂಪನಿಗಳು ಕೆಲವು ವರ್ಷ ತಡಮಾಡಿ ಬಂದವು. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ ಏರನ್ನು, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕೆಂಬುದು ಅದರ ಒಂದು ಭಾಗ. ಒಳ್ಳೆಯ ಪರೀಕ್ಷೆಯೇ, ಬಂದದ್ದು ಒಳಿತೇ ಆಯಿತು. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಕೂತವರು ಇಬ್ಬರು, ಒಬ್ಬೊಬ್ಬರೂ 150 ಪೌಂಡ್, ಅಂದರೆ 68 ಕೆ.ಜಿ. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ, ಊಟದ ಪೆಟ್ಟಿಗೆಯಿಲ್ಲ. ಟ್ರೇಲರಿನಲ್ಲಿರುವುದು ಅಲುಗದಂತೆ ಕಟ್ಟಿದ ನಿರ್ಜೀವ ಭಾರ. ಆ ಅಂಕಿಯನ್ನು ಕಂಡುಹಿಡಿದದ್ದು ಕುದುರೆಯನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ.

ಕುದುರೆ ಎಂಥ ಭಾರ ಎಂಬುದನ್ನು ನೋಡಬೇಕಾದರೆ, ಸ್ಪರ್ಧೆಯ ಮೈದಾನಕ್ಕೆ ಬಂದು ನಿಂತ ಟ್ರೇಲರಿನ ಹಿಂಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಸರಿಯಾಗಿ ಬಂದ ಕುದುರೆ ಹುಲ್ಲು ಅಗಿಯುತ್ತ ನಿಂತಿರುತ್ತದೆ, ಕಿವಿ ಸಡಿಲ, ಮೈ ಒಣಗಿರುತ್ತದೆ. ಕೆಟ್ಟ ಪ್ರಯಾಣ ಮಾಡಿ ಬಂದ ಕುದುರೆ ಚಳಿಯ ಬೆಳಗಿನಲ್ಲೂ ಪಕ್ಕೆ, ಕುತ್ತಿಗೆಯೆಲ್ಲ ತೊಯ್ದು ನಿಂತಿರುತ್ತದೆ. ನಾಲ್ಕೂ ಕಾಲು ಅಗಲಿಸಿ ಇಟ್ಟಿರುತ್ತದೆ, ತೊಡೆಯ ಸ್ನಾಯು ಅದುರುತ್ತಿರುತ್ತದೆ. ಪಕ್ಕದ ಗೋಡೆಯ ರಬ್ಬರಿನ ಮೇಲೆ, ಮೊಣಕಾಲೆತ್ತರದಲ್ಲಿ, ಲಾಳದ ಅಂಚು ಕೊರೆದ ಅರ್ಧಚಂದ್ರದ ಗೀರುಗಳು ಕಾಣುತ್ತವೆ. ತಿರುವಿನಲ್ಲಿ ಕಾಲ್ಕೆಳಗಿನ ನೆಲ ಜಾರಿದಾಗ ಅದು ಗೋಡೆಗೆ ಕಾಲು ಕೊಟ್ಟು ಹತ್ತಲು ನೋಡಿದ ಗುರುತು ಅವು. ಕೆಳಗಿಳಿಸಿದ ಮೇಲೂ ಎಷ್ಟೋ ಹೊತ್ತು ಅದು ನೀರು ಮುಟ್ಟುವುದಿಲ್ಲ. ಮುಂದಿನ ಸಲ ಟ್ರೇಲರ್ ಹತ್ತಿಸಹೋದರೆ ಹಲಗೆಯ ಮೇಲೆ ಒಂದು ಕಾಲಿಟ್ಟು ಹಿಂದೆ ಸರಿಯುತ್ತದೆ. ಆಗ ಎಲ್ಲರೂ ಕುದುರೆಗೆ ಬುದ್ಧಿ ಕಲಿಸಲು ಹೊರಡುತ್ತಾರೆ. ಹಗ್ಗ ಹಿಡಿದು ಎಳೆಯುವವರು, ಹಿಂದಿನಿಂದ ಪೊರಕೆ ಬೀಸುವವರು, ತರಬೇತುದಾರರಿಗೆ ಗಂಟೆಗಿಷ್ಟು ಎಂದು ದುಡ್ಡು ಕೊಡುವವರು. ಎಳೆದ ಗಾಡಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಇದು ನನಗೆ ಸಂಕಟ ತರುತ್ತದೆ. ಆ ಪ್ರಾಣಿ ತನಗೆ ಗೊತ್ತಿರುವ ಒಂದೇ ಬಗೆಯಲ್ಲಿ ಸತ್ಯ ಹೇಳುತ್ತಿದೆ, ನಾವು ಅದನ್ನು ಹಟ ಎನ್ನುತ್ತೇವೆ.

500 ಕೆ.ಜಿ.ಯ ಪ್ರಾಣಿ ನಾಲ್ಕು ತೆಳ್ಳನೆಯ ಕಾಲಿನ ಮೇಲೆ ನಿಂತಿದೆ. ಅದರ ಭಾರದ ನೂರಕ್ಕೆ 60 ಪಾಲು ಮುಂಗಾಲಿನ ಮೇಲೆ. ಮೈಯ ತೂಕವೆಲ್ಲ ಟ್ರೇಲರಿನ ನೆಲದಿಂದ ಬಹಳ ಮೇಲೆ. ರಸ್ತೆ ಅದಕ್ಕೆ ಕಾಣುವುದಿಲ್ಲ, ತಿರುವು ಬರುವುದು ಮೊದಲೇ ತಿಳಿಯುವುದಿಲ್ಲ. ಬ್ರೇಕು ಬಿದ್ದಾಗ, ಪಕ್ಕದ ಲಾರಿ ಗಾಳಿ ನೂಕಿದಾಗ ಅದು ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಎಸೆಯುತ್ತದೆ. ಎರಡು ಕುದುರೆ ಒಮ್ಮೆಗೇ ಎಡಕ್ಕೆ ವಾಲಿದರೆ ಟ್ರೇಲರ್ ಎಡಕ್ಕೆ ಎಳೆಯುತ್ತದೆ, ಗಾಡಿಯ ಬಾಲ ಬಲಕ್ಕೆ ಹೊರಳುತ್ತದೆ. ಚಾಲಕ ಸರಿಪಡಿಸಲು ಸ್ಟೀರಿಂಗ್ ತಿರುಗಿಸುವಷ್ಟರಲ್ಲಿ ಕುದುರೆಗಳು ಹೆದರಿ ಇನ್ನೊಂದು ಬದಿಗೆ ವಾಲಿರುತ್ತವೆ. ಹೊಯ್ದಾಟ ಹೊಯ್ದಾಟವನ್ನು ಬೆಳೆಸುತ್ತ ಹೋಗುತ್ತದೆ. ದೋಣಿ ಕಟ್ಟಿದ ಟ್ರೇಲರಿಗೆ, ಇಟ್ಟಿಗೆ ತುಂಬಿದ ಟ್ರೇಲರಿಗೆ ಈ ಕಾಟವಿಲ್ಲ. ಅವುಗಳ ಅನುಭವವನ್ನು ಮುಂದಿಟ್ಟುಕೊಂಡು ಕುದುರೆಯವರಿಗೆ ಬುದ್ಧಿ ಹೇಳುವವರು ಈ ಒಂದು ವ್ಯತ್ಯಾಸವನ್ನು ಪೂರ್ತಿ ಬಿಟ್ಟುಬಿಡುತ್ತಾರೆ.

ಇಂಥ ಹೊತ್ತಿನಲ್ಲಿ ನೆರವಿಗೆ ಬರುವುದು ಎಂಜಿನ್ನಿನ ಬಲವಲ್ಲ; ಗಾಡಿಯ ಸ್ವಂತ ತೂಕ, ಅದರ ಉದ್ದ. ಹಿಂದಿನ ಅಚ್ಚಿನಿಂದ 1.3 ಮೀಟರ್ ಹಿಂದೆ ಹಿಚ್ಚಿದೆ, ಎರಡು ಅಚ್ಚಿನ ನಡುವಿನ ಅಂತರ 2.9 ಮೀಟರ್ ಎಂದುಕೊಳ್ಳಿ. 325 ಕೆ.ಜಿ. ಅಲ್ಲಿ ಕೂತಾಗ ಸನ್ನೆಯ ನಿಯಮದಂತೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 145 ಕೆ.ಜಿ. ಕಡಿಮೆಯಾಗುತ್ತದೆ, ಹಿಂದಿನವುಗಳ ಮೇಲೆ 470 ಹೆಚ್ಚುತ್ತದೆ. ತಿರುಗಿಸುವ ಚಕ್ರ ಮುಂದಿನದು, ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಮುಂದಿನದೇ, ಅದೇ ಹಗುರವಾಗುತ್ತದೆ. ಅದೇ ಭಾರ 3.7 ಮೀಟರ್ ಅಂತರದ ಪಿಕಪ್ಪಿನ ಮೇಲೆ ಕೂತರೆ ಮುಂದಿನ ನಷ್ಟ 115ರ ಆಸುಪಾಸು, ಜೊತೆಗೆ ಆ ಗಾಡಿಗೆ ಮೊದಲೇ ಮುಂದೆ ಹೆಚ್ಚು ತೂಕವಿರುತ್ತದೆ. ಬಂಡೆಗಲ್ಲು ಹತ್ತುವುದರಲ್ಲಿ ಹೆಸರಾದ ಎರಡು ಬಾಗಿಲಿನ ಜೀಪ್ ರ‍್ಯಾಂಗ್ಲರ್‌ಗೆ ಕಂಪನಿ ಕೊಟ್ಟಿರುವ ಎಳೆಯುವ ಮಿತಿ 2,000 ಪೌಂಡ್, ಅಂದರೆ 907 ಕೆ.ಜಿ. ಅದಕ್ಕೆ ಬಲಕ್ಕೇನು ಕೊರತೆ? ಆದರೂ ಖಾಲಿ ಕುದುರೆ ಟ್ರೇಲರನ್ನೂ ಅದಕ್ಕೆ ಕಟ್ಟುವಂತಿಲ್ಲ. ಬಲ ಬೇರೆ, ಹಿಡಿತ ಬೇರೆ ಎಂದು ಕಂಪನಿಯೇ ಒಪ್ಪಿಕೊಂಡಂತಾಯಿತು.

ಈಗ ನಿಲ್ಲುವ ಮಾತು. ತುಂಬಿದ ಎಸ್‌ಯುವಿ 2,600, ಟ್ರೇಲರ್ 2,700, ಒಟ್ಟು 5,300 ಕೆ.ಜಿ. ಕ್ಯಾಲಿಫೋರ್ನಿಯಾದ ಐದನೆಯ ಹೆದ್ದಾರಿಯಲ್ಲಿ ಗ್ರೇಪ್‌ವೈನ್ ಎಂಬ ಘಾಟಿ ಇದೆ. ನೂರಕ್ಕೆ ಆರರ ಇಳಿಜಾರು, ಐದು ಮೈಲಿ. ಅಷ್ಟು ಇಳಿದರೆ ಸುಮಾರು 480 ಮೀಟರ್ ಕೆಳಗೆ ಬಂದಂತೆ. ಈ ಜೋಡಿಯನ್ನು ಒಂದೇ ವೇಗದಲ್ಲಿ ಹಿಡಿದು ಇಳಿಸುವಾಗ ಅರಗಿಸಬೇಕಾದ ಶಕ್ತಿ ಸುಮಾರು 25 ಮೆಗಾಜೂಲ್. ಅದೇ ಜೋಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಮೈಲಿ ವೇಗದಿಂದ ಪೂರ್ತಿ ನಿಲ್ಲಿಸಲು ಬೇಕಾದದ್ದು ಎರಡು ಮೆಗಾಜೂಲಿಗಿಂತ ಕಡಿಮೆ. ಅಂದರೆ ಒಂದು ಘಾಟಿ ಇಳಿಯುವುದು ಹದಿಮೂರು ಸಲ ಗಕ್ಕನೆ ನಿಂತಷ್ಟು. ಗಾಳಿ, ಟೈರಿನ ಘರ್ಷಣೆ ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ನಿನ ತಡೆ ಮತ್ತು ಬ್ರೇಕು ಹಂಚಿಕೊಳ್ಳಬೇಕು. ಕೆಳಗಿನ ಗೇರಿಗೆ ಇಳಿಸದೆ ಬ್ರೇಕಿನ ಮೇಲೇ ಕಾಲಿಟ್ಟು ಬಂದವರು ಬುಡ ತಲುಪುವ ಹೊತ್ತಿಗೆ ಪೆಡಲ್ ಮೆತ್ತಗಾಗಿರುತ್ತದೆ, ಗಾಲಿಯಿಂದ ಸುಟ್ಟ ವಾಸನೆ ಬರುತ್ತಿರುತ್ತದೆ. ವೇಗದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: 55ರ ಬದಲು 65ರಲ್ಲಿ ಹೋದರೆ ನಿಲ್ಲಿಸುವಾಗ ಅರಗಿಸಬೇಕಾದ ಶಕ್ತಿ ನೂರಕ್ಕೆ 40ರಷ್ಟು ಏರುತ್ತದೆ. ಹತ್ತು ಮೈಲಿ ಹೆಚ್ಚಾದರೇನಾಯಿತು ಎನ್ನುವವರು ಈ ನಲವತ್ತನ್ನು ನೆನಪಿಡಬೇಕು.

"ಟ್ರೇಲರಿಗೂ ಬ್ರೇಕಿದೆಯಲ್ಲ" ಎನ್ನುತ್ತಾರೆ. ಇದೆ, ಇರಲೇಬೇಕು. ಆದರೆ ಅಮೆರಿಕದ ಕುದುರೆ ಟ್ರೇಲರುಗಳ ವಿದ್ಯುತ್ ಬ್ರೇಕು ಕೆಲಸ ಮಾಡಬೇಕಾದರೆ ಚಾಲಕನ ಬಳಿ ಕಂಟ್ರೋಲರ್ ಇರಬೇಕು. ಎಷ್ಟೋ ಎಸ್‌ಯುವಿಗಳಲ್ಲಿ ಅದು ಬರುವುದೇ ಇಲ್ಲ, ಬೇರೆಯಾಗಿ ಕೂರಿಸಬೇಕು. ಕೂರಿಸಿದ ಮೇಲೆ ತೂಕಕ್ಕೆ ತಕ್ಕಂತೆ ಹೊಂದಿಸಬೇಕು. ಖಾಲಿ ಟ್ರೇಲರಿಗೆ ಹೊಂದಿಸಿದ್ದು ತುಂಬಿದ ಟ್ರೇಲರಿಗೆ ಸಾಲದು. ನಿಧಾನವಾಗಿ ಹೋಗುವಾಗ ಕೈಯಿಂದ ಕಂಟ್ರೋಲರ್ ಒತ್ತಿ ನೋಡಿ. ಟ್ರೇಲರ್ ಹಿಂದಿನಿಂದ ಜಗ್ಗಿದ ಅನುಭವ ಆಗದಿದ್ದರೆ ಆ ಬ್ರೇಕು ಇದ್ದೂ ಇಲ್ಲ. ಅದು ಕೈಕೊಟ್ಟ ದಿನ 5,300 ಕೆ.ಜಿ.ಯನ್ನು ನಿಲ್ಲಿಸಬೇಕಾದದ್ದು ಗಾಡಿ ಒಂದೇ. ಆ ದಿನವನ್ನು ಲೆಕ್ಕದಲ್ಲಿಟ್ಟುಕೊಂಡು ಗಾಡಿ ಆರಿಸಬೇಕು ಎನ್ನುತ್ತೇನೆ ನಾನು.

ಇನ್ನೊಂದು ವಾದ ಬ್ರಿಟನ್ನಿನದು. ಅಲ್ಲಿ ಸಾಧಾರಣ ಕಾರಿನಂಥ ಗಾಡಿಗಳೇ ಎರಡು ಕುದುರೆ ಎಳೆಯುತ್ತವೆ, ಅಮೆರಿಕದವರಿಗೆ ಮಾತ್ರ ಲಾರಿಯಂಥ ಪಿಕಪ್ ಯಾಕೆ ಎನ್ನುತ್ತಾರೆ. ನನ್ನ ವಿರುದ್ಧ ಬರುವ ವಾದಗಳಲ್ಲಿ ತೂಕವಿರುವುದು ಇದೊಂದಕ್ಕೇ, ಹಾಗಾಗಿ ನೇರವಾಗಿ ಉತ್ತರಿಸಬೇಕು. ಅಲ್ಲಿನ ಟ್ರೇಲರ್ ಹಗುರ. ಮುಂದೆ ಬಟ್ಟೆ ಬದಲಿಸುವ ಕೋಣೆ, ಸಾಮಾನಿನ ಗೂಡು ಎಂದು ಬೆಳೆಸಿದ್ದಲ್ಲ. ಗಾಲಿಗಳು ಟ್ರೇಲರಿನ ನಡುವಿಗೆ ಹತ್ತಿರ, ಮೂತಿಯ ಒತ್ತಡ ಕಡಿಮೆ. ಹಾಗಿದ್ದೂ ಅದು ನೇರವಾಗಿ ಓಡುವುದು ವೇಗ ಕಡಿಮೆ ಇರುವುದರಿಂದ: ಟ್ರೇಲರ್ ಕಟ್ಟಿದ ಕಾರಿಗೆ ಅಲ್ಲಿ ಮೋಟಾರ್‌ವೇಯಲ್ಲೂ ಗಂಟೆಗೆ 60 ಮೈಲಿಯೇ ಮಿತಿ, ಸಾಮಾನ್ಯ ಹೆದ್ದಾರಿಯಲ್ಲಿ 50. ಟ್ರೇಲರಿನ ಬ್ರೇಕು ಗಾಡಿಯ ಒತ್ತಡಕ್ಕೆ ತಾನಾಗಿ ಬೀಳುವ ಬಗೆಯದು, ಕಂಟ್ರೋಲರ್ ಮರೆಯುವ ಪ್ರಶ್ನೆಯಿಲ್ಲ. ಟ್ರೇಲರ್, ವೇಗ, ಬ್ರೇಕು, ಗಾಡಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿವೆ. ಅದರಲ್ಲಿ ಗಾಡಿಯನ್ನಷ್ಟೇ ಕಿತ್ತು ತಂದು, ಹಿಂದೆ ಅಮೆರಿಕದ ಭಾರದ ಟ್ರೇಲರ್ ಕಟ್ಟಿ, ಟೆಕ್ಸಾಸಿನ 75 ಮೈಲಿ ವೇಗದ ರಸ್ತೆಗೆ ಬಿಟ್ಟು ಬ್ರಿಟನ್ನಿನ ಉದಾಹರಣೆ ಕೊಡುವುದು ಸಲ್ಲದು. ಅಲ್ಲಿಯೂ ಎಲ್ಲವೂ ನೆಟ್ಟಗಿಲ್ಲ. 2021ರ ಡಿಸೆಂಬರ್ 16ರಿಂದ ಟ್ರೇಲರಿಗೆ ಪ್ರತ್ಯೇಕ ಪರೀಕ್ಷೆಯನ್ನೇ ತೆಗೆದುಹಾಕಿದರು, 3,500 ಕೆ.ಜಿ.ವರೆಗಿನ ಟ್ರೇಲರನ್ನು ಈಗ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲೇ ಎಳೆಯಬಹುದು. ಅದು ಹಿಂದಕ್ಕಿಟ್ಟ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ಸಲಕರಣೆಗಳ ವಾದವನ್ನು ಬೇಗ ಮುಗಿಸಬಹುದು. ಗಾಡಿಯ ಬಾಲ ಕುಸಿದರೆ ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಹಾಕಿಸಿದರಾಯಿತು ಎನ್ನುವವರಿದ್ದಾರೆ. ಗಾಳಿಚೀಲ ಬಾಲವನ್ನು ಮೇಲೆತ್ತುತ್ತದೆ. ಮುಂದಿನ ಚಕ್ರ ಕಳೆದುಕೊಂಡ ಭಾರವನ್ನು ವಾಪಸು ತರುವುದಿಲ್ಲ. ಕುಸಿತ ಒಂದು ಎಚ್ಚರಿಕೆ, ಅದನ್ನು ಕಣ್ಣಿಗೆ ಕಾಣದಂತೆ ಮಾಡಿದ್ದಷ್ಟೇ ಲಾಭ. ಭಾರ ಹಂಚುವ ಹಿಚ್ಚು ಬೇರೆ ಮಾತು. ಅದರ ಸ್ಪ್ರಿಂಗಿನ ಸಲಾಕೆಗಳು ಸ್ವಲ್ಪ ಭಾರವನ್ನು ಮುಂದಿನ ಅಚ್ಚಿಗೂ ಟ್ರೇಲರಿನ ಗಾಲಿಗೂ ನಿಜವಾಗಿ ಸಾಗಿಸುತ್ತವೆ. ಅದು ಒಳ್ಳೆಯ ಸಾಧನ, ಎಷ್ಟೋ ಗಾಡಿಗಳಲ್ಲಿ ಇಂತಿಷ್ಟು ತೂಕ ಮೀರಿದರೆ ಅದು ಕಡ್ಡಾಯ ಎಂದು ಹಿಚ್ಚಿನ ಮೇಲೇ ಬರೆದಿರುತ್ತದೆ. ಆದರೆ ಅದು ಗಾಡಿಯನ್ನು ದೊಡ್ಡದು ಮಾಡುವುದಿಲ್ಲ. ಟೈರಿನ, ಅಚ್ಚಿನ, ಬ್ರೇಕಿನ ಮಿತಿಯನ್ನು ಕೂದಲೆಳೆಯಷ್ಟೂ ಹೆಚ್ಚಿಸುವುದಿಲ್ಲ. ಹಿಚ್ಚಿನ ಗುಂಡಿನ ಅಳತೆಯನ್ನೂ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಎರಡೂ ಕಾಲಂಗುಲ ಮೀರಿದ, 2 5/16 ಅಂಗುಲದ ಗುಂಡಿಗೆ ಮಾಡಿದ ಮೂತಿ 2 ಅಂಗುಲದ ಗುಂಡಿನ ಮೇಲೂ ಕೂತು ಚಿಲಕ ಬಿದ್ದಂತೆ ಕಾಣುತ್ತದೆ. ಮೊದಲ ದೊಡ್ಡ ಹಳ್ಳದಲ್ಲಿ ಕಳಚಿಕೊಳ್ಳುತ್ತದೆ.

"ಒಂದೇ ಕುದುರೆ, ಹತ್ತಿರದ ಊರು, ನಿಧಾನಕ್ಕೆ ಹೋಗ್ತೀವಿ." ಇದು ನಾನು ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು. ಹತ್ತಿರದ ಊರಿನ ದಾರಿಯಲ್ಲೂ ಕೆಂಪು ದೀಪ ದಾಟಿ ನುಗ್ಗುವವರಿದ್ದಾರೆ. ಒಂದೇ ಕುದುರೆ ಎಂದು ಕೊಂಡ ಗಾಡಿಗೆ ಒಂದು ಶನಿವಾರ ಲಾಯದ ಗೆಳತಿಯ ಕುದುರೆಯೂ ಹತ್ತುತ್ತದೆ. ಯಾರಿಗೂ ಬೇಡ ಎನ್ನಲಾಗುವುದಿಲ್ಲ. "ನಮ್ಮ ಭಾವ ಇಪ್ಪತ್ತು ವರ್ಷದಿಂದ ಹೀಗೇ ಎಳೀತಿದಾರೆ, ಏನೂ ಆಗಿಲ್ಲ" ಎನ್ನುವುದೂ ಇದೇ ಬಗೆಯ ಸಮಾಧಾನ. ಏನೂ ಆಗದವರು ಮಾತ್ರ ಬಂದು ಹೇಳುತ್ತಾರೆ. ಆದವರು ಆ ಮಾತನ್ನೇ ಎತ್ತುವುದಿಲ್ಲ, ಅವರ ಲಾಯದಲ್ಲಿ ಖಾಲಿಯಾದ ಜಾಗದ ಬಗ್ಗೆ ಯಾರೂ ಕೇಳುವುದೂ ಇಲ್ಲ.

ವಿದ್ಯುತ್ ಪಿಕಪ್ಪುಗಳ ಬಗ್ಗೆ ಈಗ ಹೊಸ ಉತ್ಸಾಹವಿದೆ. ಅವು ಭಾರ, ತಗ್ಗಾದ ಬ್ಯಾಟರಿಯಿಂದ ನೆಲಕ್ಕೆ ಕಚ್ಚಿ ನಿಲ್ಲುತ್ತವೆ, ಇಳಿಜಾರಿನಲ್ಲಿ ಮೋಟಾರೇ ಬ್ರೇಕಾಗುತ್ತದೆ. ಈ ಗುಣಗಳನ್ನು ನಾನು ಒಪ್ಪುತ್ತೇನೆ. ಆದರೆ ಎತ್ತರದ ಟ್ರೇಲರ್ ಹಿಂದಿದ್ದರೆ ಒಂದು ಚಾರ್ಜಿನಲ್ಲಿ ಹೋಗುವ ದೂರ ಅರ್ಧಕ್ಕೆ ಬರುತ್ತದೆ. ಚಾರ್ಜಿಂಗ್ ಜಾಗಗಳು ಹೆಚ್ಚಾಗಿ ಕಾರು ಒಳಹೊಕ್ಕು ಹಿಂದಕ್ಕೆ ಬರುವಂಥವು. ಟ್ರೇಲರ್ ಕಳಚಿ ಬೇರೆಡೆ ನಿಲ್ಲಿಸಬೇಕು. ಒಳಗೆ ಎರಡು ಕುದುರೆ ಇಟ್ಟುಕೊಂಡು ಆಗಸ್ಟಿನ ಮಧ್ಯಾಹ್ನ ಅದನ್ನು ಮಾಡಲು ನಾನು ಯಾರಿಗೂ ಹೇಳಲಾರೆ. ಮೈದಾನ ಹತ್ತಿರವಿದ್ದವರ ಮಾತು ಬೇರೆ.

ಹಾಗಾದರೆ ಎಲ್ಲರೂ ದೊಡ್ಡ ಡೀಸೆಲ್ ಪಿಕಪ್ಪೇ ಕೊಳ್ಳಬೇಕೇ? ಇಲ್ಲ. ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದೂ ಲೆಕ್ಕ ಹಾಕದವರ ಮಾತೇ. ಹಗುರ ಟ್ರೇಲರ್ ಕಟ್ಟಿದ ಒಂದು ಟನ್ ವರ್ಗದ (ಈ ಟನ್ ಲೆಕ್ಕ ವರ್ಗದ ಹೆಸರಷ್ಟೇ, ನಿಜವಾಗಿ ಹೊರುವ ಭಾರವಲ್ಲ) ಪಿಕಪ್ಪಿನ ಗಡಸು ಸ್ಪ್ರಿಂಗು ಪ್ರತಿ ಉಬ್ಬನ್ನೂ ಹಿಂದಕ್ಕೆ ರವಾನಿಸುತ್ತದೆ, ಕುದುರೆಯ ಕಾಲಿಗೆ ಅದೂ ಶಿಕ್ಷೆಯೇ. ಅಲ್ಯೂಮಿನಿಯಂ ಟ್ರೇಲರ್, ಮಧ್ಯಮ ಗಾತ್ರದ ಎರಡು ಕುದುರೆ, ಗಾಡಿಯಲ್ಲಿ ಇಬ್ಬರು ಎಂದರೆ, ಸ್ಟಿಕ್ಕರಿನಲ್ಲಿ 750 ಕೆ.ಜಿ.ಯಷ್ಟು ಹೊರುವ ಅಂಕಿ ಇರುವ, ಉದ್ದನೆಯ ಅರ್ಧ ಟನ್ ವರ್ಗದ ಪಿಕಪ್ ಮರ್ಯಾದೆಯಾಗಿ ಕೆಲಸ ಮಾಡುತ್ತದೆ. ಉಕ್ಕಿನ ಟ್ರೇಲರ್, ದೊಡ್ಡ ತಳಿಯ ಕುದುರೆಗಳು, ಘಾಟಿಯ ದಾರಿ, ಜೊತೆಗೆ ಸಂಸಾರ ಎಂದಾದರೆ ಫೋರ್ಡ್ ಎಫ್-250, ರ‍್ಯಾಮ್ 2500, ಶೆವ್ರೊಲೆ ಸಿಲ್ವರಾಡೊ 2500ರಂಥ ಮುಕ್ಕಾಲು ಟನ್ ವರ್ಗಕ್ಕೆ ಹೋಗಲೇಬೇಕು. ಮೂರು ಅಥವಾ ಹೆಚ್ಚು ಕುದುರೆಗಳಿಗೆ, ಪಿಕಪ್ಪಿನ ತೊಟ್ಟಿಯೊಳಗೆ ಕಟ್ಟುವ ಗೂಸ್‌ನೆಕ್ ಟ್ರೇಲರ್ ಬೇಕು; ಅದರ ಹಿಚ್ಚು ಹಿಂದಿನ ಅಚ್ಚಿನ ನೇರಕ್ಕೆ ಇರುತ್ತದೆ. ಹೊಸದೇ ಆಗಬೇಕೆಂದಿಲ್ಲ. ಹತ್ತು ವರ್ಷ ಹಳೆಯ, ಬ್ರೇಕು ಟೈರು ಸರಿ ಮಾಡಿಸಿದ ಮುಕ್ಕಾಲು ಟನ್ ಪಿಕಪ್ಪು ಇವತ್ತಿನ ಹೊಳೆಯುವ ಎಸ್‌ಯುವಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಕುದುರೆಗೆ ಅದೇ ಮೇಲು.

ಈಗಾಗಲೇ ಗಾಡಿ ಇದ್ದವರು ನನ್ನ ಮಾತನ್ನು ನಂಬಬೇಕಿಲ್ಲ, ತಕ್ಕಡಿಯನ್ನು ನಂಬಲಿ. ಹೆದ್ದಾರಿಯ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಲಾರಿಗಳಿಗಾಗಿ ಮಾಡಿದ್ದು, ಯಾರು ಬೇಕಾದರೂ ತೂಗಬಹುದು. ಮುಂದಿನ ಅಚ್ಚು ಒಂದು ಹಲಗೆಯ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರಿನ ಗಾಲಿ ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿದರೆ ಮೂರೂ ಅಂಕಿ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತವೆ. ಕುದುರೆ, ಹುಲ್ಲು, ನೀರು, ಮನೆಮಂದಿ ಎಲ್ಲ ತುಂಬಿಕೊಂಡೇ ಹೋಗಿ. ಆಮೇಲೆ ಅದೇ ಮನೆಮಂದಿಯೊಂದಿಗೆ ಟ್ರೇಲರ್ ಇಲ್ಲದೆ ಒಮ್ಮೆ ತೂಗಿ. ಮುಂದಿನ ಅಚ್ಚು ಎಷ್ಟು ಕಳೆದುಕೊಂಡಿತು, ಹಿಂದಿನದು ಎಷ್ಟು ಗಳಿಸಿತು ಎಂಬುದು ಎರಡು ಚೀಟಿಗಳನ್ನು ಪಕ್ಕಪಕ್ಕ ಹಿಡಿದರೆ ಕಾಣುತ್ತದೆ. ಅಚ್ಚುಗಳ ಮಿತಿಯೂ ಚಾಲಕನ ಬಾಗಿಲ ಕಂಬದಲ್ಲೇ ಬರೆದಿದೆ.

ಕುದುರೆ ಕೊಳ್ಳಲು ಹೊರಟಿರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಶೋರೂಮಿಗೆ ಹೋದಾಗ ಜಾಹೀರಾತಿನ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದು, ನೀವು ಕೊಳ್ಳಲಿರುವ ಆ ಗಾಡಿಯ ಬಾಗಿಲು ತೆಗೆದು ಸ್ಟಿಕ್ಕರ್ ಓದಿ. ತುಂಬಿದ ಟ್ರೇಲರಿನ ತೂಕದ ನೂರಕ್ಕೆ ಹದಿನೈದನ್ನು ಅದರಲ್ಲಿ ಕಳೆಯಿರಿ, ಹಿಚ್ಚನ್ನು, ಮನೆಯವರೆಲ್ಲರ ತೂಕವನ್ನು, ಸಾಮಾನನ್ನು ಕಳೆಯಿರಿ. ಏನಾದರೂ ಮಿಕ್ಕಿದರೆ ಮುಂದಿನ ಮಾತು ಆಡಿ. ಮಿಕ್ಕದಿದ್ದರೆ ಆ ಗಾಡಿಯನ್ನು ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಅದಕ್ಕೆ ಕುದುರೆ ಟ್ರೇಲರ್ ಕಟ್ಟಬೇಡಿ. ಕುದುರೆ ಸಾಗಿಸುವುದನ್ನೇ ಕಸುಬು ಮಾಡಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಸರಿಯಾದ ಗಾಡಿ ಬರುವ ತನಕ ಅವರಿಗೆ ಬಾಡಿಗೆ ಕೊಟ್ಟು ಕಳಿಸಿ.